ತೇಜಸ್ ಮತ್ತು ರೈ: ನಡುವಿಗೆ ಯಾವ ಹೆಸರು ಹೊಂದೀತು?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ತಂದೆಯೊಬ್ಬರ ಪ್ರಶ್ನೆ:

ನಮ್ಮ ಗಂಡುಮಗುವಿಗೆ ‘ತೇಜಸ್’ ಎಂಬ ಹೆಸರನ್ನು ನಿಶ್ಚಯಿಸಿದ್ದೇವೆ. ಕೊನೆಯಲ್ಲಿ ‘ರೈ’ ಇರುತ್ತದೆ. ನಡುವೆ ಇನ್ನೊಂದು ಹೆಸರಿರಲಿ ಎಂಬುದಕ್ಕೆ ಮನೆಯವರೆಲ್ಲರೂ ಒಪ್ಪಿದ್ದಾರೆ, ಅದು ಯಾವುದೆಂಬಲ್ಲಿ ಮಾತ್ರ ಒಮ್ಮತವಿಲ್ಲ. ನನ್ನ ತಂದೆಯವರ ಹೆಸರು ಐತಪ್ಪ. ಪತ್ನಿಯನ್ನು ಓದಿಸಿ ಬೆಳೆಸಿದ ಅವಳ ಸೋದರಮಾವನ ಹೆಸರು ಸಂಕಪ್ಪ. ಶತಭಿಷಾ ನಕ್ಷತ್ರದ ಮೊದಲ ಪಾದವಾದುದರಿಂದ ‘ಗೋ’ ಅಕ್ಷರದ ಹೆಸರಾಗಬೇಕೆಂದು ಜ್ಯೋತಿಷಿಗಳು ತಿಳಿಸಿದ್ದಾರೆ. ಪತ್ನಿಯ ಮನಸ್ಸಿನಲ್ಲಿ ‘ಆರವ್’ ಇದೆ. ಜನನ ನೋಂದಣಿ ಆಗಿದ್ದು, ಹೆಸರಿನ ಜಾಗವನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇವೆ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಪೆರ್ಲದ ನಿವೃತ್ತ ಕನ್ನಡ ಅಧ್ಯಾಪಕರ ಉತ್ತರ:

ಮೊದಲು ಮೂರು ಹೆಸರುಗಳನ್ನೂ ಸೇರಿಸಿ, ದೂರದಲ್ಲಿರುವವರನ್ನು ಕರೆಯುವ ಧ್ವನಿಯಲ್ಲಿ ಹೇಳಿ ನೋಡಿ. ‘ತೇಜಸ್’ ವ್ಯಂಜನದಲ್ಲಿ ಮುಗಿಯುವ ಹೆಸರು. ಅದರ ಮುಂದೆ ‘ಸಂಕಪ್ಪ’ ಬಂದರೆ ಎರಡು ಸಕಾರಗಳು ಬೆಸೆದುಕೊಂಡು ‘ತೇಜಸ್ಸಂಕಪ್ಪ’ ಎಂದಾಗುತ್ತದೆ, ಕೇಳಿದವರು ಹುಡುಗನ ಹೆಸರು ‘ತೇಜ’ ಇರಬೇಕೆಂದು ತಿಳಿಯುತ್ತಾರೆ. ಸ್ವರದಿಂದ ಆರಂಭವಾಗುವ ‘ಐತಪ್ಪ’ ಮತ್ತು ‘ಆರವ್’ ಕೂಡ ಹಿಂದಿನ ಸಕಾರವನ್ನು ತಮ್ಮತ್ತ ಎಳೆದುಕೊಳ್ಳುತ್ತವೆ. ಆದರೂ ‘ಐತಪ್ಪ ರೈ’ ಎಂಬ ಜೋಡಿಗೆ ನಮ್ಮ ಕಿವಿ ಪಳಗಿರುವುದರಿಂದ ಅದು ಅಷ್ಟಾಗಿ ತೊಡಕೆನಿಸದು. ‘ಆರವ್ ರೈ’ ಎನ್ನುವಾಗ ವಕಾರದ ಮೇಲೆ ನಾಲಗೆ ತಡೆಯುತ್ತದೆ; ಮೇಲಾಗಿ ತೇಜಸ್, ಆರವ್ ಎರಡೂ ಒಂದೇ ಕಾಲದ ಹೆಸರುಗಳಾಗಿ, ಒಬ್ಬನಿಗೆ ಎರಡು ಕರೆಯುವ ಹೆಸರುಗಳನ್ನು ಇಟ್ಟಂತೆ ತೋರುತ್ತದೆ. ‘ಗೋವಿಂದ’ ಎಂದರೆ ಸಕಾರದ ಬಳಿಕ ಸಣ್ಣ ನಿಲುಗಡೆ ದೊರೆಯುತ್ತದೆ, ಕೊನೆಯ ಅಕಾರದಿಂದ ‘ರೈ’ಗೆ ಸಲೀಸಾಗಿ ಸಾಗಬಹುದು. ಜ್ಯೋತಿಷಿಗಳ ಮಾತೂ ನಡೆದಂತಾಯಿತು.

ಮೂರು ಅಂಗಗಳ ಹೆಸರು ನಮ್ಮ ಸೀಮೆಗೆ ಹೊಸದೇನಲ್ಲ. ಮಂಜೇಶ್ವರ ಗೋವಿಂದ ಪೈ (1883–1963), ಕಯ್ಯಾರ ಕಿಞ್ಞಣ್ಣ ರೈ (1915–2015) ಇಬ್ಬರ ಹೆಸರುಗಳಲ್ಲೂ ಊರು ಮುಂದೆ, ಮನೆತನ ಹಿಂದೆ, ವ್ಯಕ್ತಿಯ ಸ್ವಂತ ಹೆಸರು ನಡುವೆ ಇದೆ. ಆದುದರಿಂದ ಇಲ್ಲಿನವರ ಕಿವಿ ನಡುವಿನ ಹೆಸರಿನಲ್ಲಿ ಒಂದಿಷ್ಟು ತೂಕವನ್ನು ನಿರೀಕ್ಷಿಸುತ್ತದೆ, ಸುಮ್ಮನೆ ಜಾಗ ತುಂಬಿಸಲು ಇಟ್ಟ ಹೆಸರು ಅಲ್ಲಿ ನಿಲ್ಲುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಶಾಲೆಯ ಹಾಜರಿ ಪುಸ್ತಕದಲ್ಲಿ ಅದು ‘ತೇಜಸ್ ಜಿ. ರೈ’ ಎಂದು ಒಂದೇ ಅಕ್ಷರಕ್ಕೆ ಇಳಿಯುವುದಂತೂ ಬಹುಮಟ್ಟಿಗೆ ಖಚಿತ. ದಿನಬಳಕೆಗೆ ಬಾರದ ಹೆಸರಿನಲ್ಲಿ ಹೊಸತನವನ್ನು ಹುಡುಕುವುದಕ್ಕಿಂತ ಹಿರಿಯರೊಬ್ಬರನ್ನೋ ದೇವರನ್ನೋ ನೆನೆಯುವುದು ಲೇಸು.

ಮಂಜೇಶ್ವರದ ತಾಯಿಯೊಬ್ಬರ ಉತ್ತರ:

ಅಧ್ಯಾಪಕರ ಮಾತು ಕಿವಿಗೆ ಸಂಬಂಧಿಸಿದ್ದು. ನಾನು ಕಾಗದಪತ್ರಗಳ ಬಗ್ಗೆ ಹೇಳುತ್ತೇನೆ. ಜನನವನ್ನು ನೋಂದಾಯಿಸುವುದು ಮಗು ಹುಟ್ಟಿದ ಸ್ಥಳದಲ್ಲಿ. ನನ್ನ ಹಿರಿಯ ಮಗ ಮಂಗಳೂರಿನ ಆಸ್ಪತ್ರೆಯಲ್ಲಿ ಹುಟ್ಟಿದ್ದರಿಂದ ಅವನ ಪ್ರಮಾಣಪತ್ರ ಕನ್ನಡ ಮತ್ತು ಇಂಗ್ಲಿಷಿನಲ್ಲಿದೆ, ಇಲ್ಲಿಯೇ ಹುಟ್ಟಿದ ಕಿರಿಯವನದು ಮಲಯಾಳ ಮತ್ತು ಇಂಗ್ಲಿಷಿನಲ್ಲಿದೆ. ಕಿರಿಯವನ ನಡುವಿನ ಹೆಸರೂ ಗೋವಿಂದ ಎಂದೇ. ಮಲಯಾಳದ ರೂಢಿಯಂತೆ ಅದು ಒಂದು ದಾಖಲೆಯಲ್ಲಿ ‘ಗೋವಿಂದನ್’ ಆಗಿ ಬಂದಿತು, ಸರಿಪಡಿಸಲು ಸಾಕಷ್ಟು ಓಡಾಡಬೇಕಾಯಿತು. ಅಪ್ಪ ಎಂದು ಮುಗಿಯುವ ಹೆಸರುಗಳಿಗೆ ಈ ಬಾಧೆ ಕಡಿಮೆ. ತೇಜಸ್ ಎಂಬುದಕ್ಕೂ ಒಂದು ಎಚ್ಚರಿಕೆ ಅಗತ್ಯ: ಕೇರಳದಲ್ಲಿ ತಕಾರಕ್ಕೆ ಇಂಗ್ಲಿಷಿನಲ್ಲಿ ‘ಟಿ’ಯ ಜೊತೆ ‘ಎಚ್’ ಸೇರಿಸಿ ಬರೆಯುವುದು ವಾಡಿಕೆ, ಮಂಗಳೂರು ಕಡೆಯವರು ಹಲವು ಬಾರಿ ಎಚ್ ಇಲ್ಲದೆ ಬರೆಯುತ್ತಾರೆ. ಯಾವುದಾದರೂ ಒಂದನ್ನು ನಿಶ್ಚಯಿಸಿ ಅರ್ಜಿಯಲ್ಲಿ ದೊಡ್ಡ ಅಕ್ಷರಗಳಲ್ಲಿ ನೀವೇ ಬರೆದುಕೊಡಿ.

ಹೆಸರನ್ನು ಖಾಲಿ ಬಿಟ್ಟುದರಿಂದ ಗಾಬರಿಗೆ ಕಾರಣವಿಲ್ಲ. ನೋಂದಣಿಯಾದ ದಿನದಿಂದ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆದರೆ 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್ ಮುಂತಾದವುಗಳಲ್ಲಿ ಜನ್ಮದಿನದ ಪುರಾವೆಯಾಗಿ ಜನನ ಪ್ರಮಾಣಪತ್ರವೊಂದೇ ನಡೆಯುವುದರಿಂದ, ಅದರಲ್ಲಿನ ಹೆಸರು ಮುಂದೆಲ್ಲ ಮೂಲವಾಗುತ್ತದೆ. ಅಲ್ಲಿ ‘ಜಿ.’ ಎಂದು ಮೊಟಕುಗೊಳಿಸಬೇಡಿ. ಪ್ಯಾನ್ ಅರ್ಜಿಯಲ್ಲಿ ಮೊದಲ, ನಡುವಿನ, ಕೊನೆಯ ಹೆಸರುಗಳಿಗೆ ಬೇರೆ ಬೇರೆ ಜಾಗಗಳಿವೆ. ಪಾಸ್‌ಪೋರ್ಟಿನಲ್ಲಿ ಎರಡೇ ಜಾಗ, ನಡುವಿನ ಹೆಸರು ಮೊದಲನೆಯದರ ಜೊತೆಗೇ ಕೂರುತ್ತದೆ. ಆಧಾರ್‌ನಲ್ಲಿ ಎಲ್ಲವೂ ಒಂದೇ ಸಾಲು. ಹಾಗಾಗಿ ಹೆಸರುಗಳ ಕ್ರಮ ಎಲ್ಲ ಕಡೆ ಒಂದೇ ಇರಬೇಕು.

ಅಕ್ಕಲಕೋಟೆಯಿಂದ ಒಬ್ಬರು:

ನಮ್ಮಲ್ಲಿ ಈ ಚರ್ಚೆಯೇ ಏಳುವುದಿಲ್ಲ, ಏಕೆಂದರೆ ಮಹಾರಾಷ್ಟ್ರದ ಪದ್ಧತಿಯಂತೆ ತಂದೆಯ ಹೆಸರೇ ನಡುವೆ ಬರುತ್ತದೆ. ಮನೆಯಲ್ಲಿ ಕನ್ನಡ ಮಾತಾಡುವ ನಾವೂ ಶಾಲೆಯ ದಾಖಲೆಯಲ್ಲಿ ಹಾಗೆಯೇ ಬರೆಸಿದ್ದೇವೆ. 2024ರ ಮೇ 1ರಿಂದ ಹುಟ್ಟಿದ ಮಕ್ಕಳಿಗೆ ತಂದೆಯ ಹೆಸರಿಗೂ ಮುಂಚೆ ತಾಯಿಯ ಹೆಸರನ್ನು ಸೇರಿಸಬೇಕೆಂದು ಇಲ್ಲಿನ ಸರಕಾರ ಆದೇಶಿಸಿದೆ. ನಿಮಗೆ ಆಯ್ಕೆಯಾದರೂ ಇದೆ.

ಕುಂಬಳೆಯ ಹಿರಿಯರೊಬ್ಬರ ಉತ್ತರ:

ಗೋವಿಂದ ಎಂಬ ಸಲಹೆಗೆ ನನ್ನ ಸಹಮತವಿಲ್ಲ. ನಕ್ಷತ್ರದ ಹೆಸರನ್ನು ನಾಮಕರಣದಂದು ಮಗುವಿನ ಕಿವಿಯಲ್ಲಿ ಹೇಳಿದರೆ ಸಾಕು, ಸರಕಾರಿ ಪುಸ್ತಕಕ್ಕೆ ಅದು ಏರಲೇಬೇಕೆಂದಿಲ್ಲ. ತಾಯಿಯ ಕಡೆಯಿಂದ ವಾರಸು ಸಾಗುವ ಅಳಿಯಸಂತಾನದ ಕಟ್ಟು ಆಸ್ತಿಯ ವಿಷಯದಲ್ಲಿ ಈಗ ಉಳಿದಿಲ್ಲವಾದರೂ ನಮ್ಮವರು ಬರಿಯನ್ನು, ಅಂದರೆ ಕುಲವನ್ನು, ಇಂದಿಗೂ ತಾಯಿಯ ಕಡೆಯಿಂದಲೇ ಎಣಿಸುತ್ತಾರೆ. ‘ರೈ’ ತಂದೆಯ ಕಡೆಯಿಂದ ಬಂದಿರುವಾಗ ಇನ್ನೊಂದು ಹೆಸರು ತಾಯಿಯ ಕಡೆಯಿಂದ, ಅದರಲ್ಲೂ ಸಾಕಿ ಓದಿಸಿದ ಸೋದರಮಾವನಿಂದ ಬರುವುದು ನ್ಯಾಯ. ಐತಪ್ಪನವರು ದೊಡ್ಡ ಮನಸ್ಸು ಮಾಡಿಯಾರು. ಸಕಾರಗಳ ತೊಡಕು ನಿಜವೇ. ಆದರೆ ‘ಸಂಕಪ್ಪ’ವನ್ನು ನಡುವೆ ಇಡುವ ಬದಲು ಮುಂದೆ ಇಟ್ಟು ‘ಸಂಕಪ್ಪ ತೇಜಸ್ ರೈ’ ಎಂದರೆ ಆ ತೊಡಕೂ ಇಲ್ಲ, ಕನ್ನಡದ ರೂಢಿಯಂತೆ ‘ಎಸ್. ತೇಜಸ್ ರೈ’ ಎಂದು ರುಜು ಹಾಕಲೂಬಹುದು.

ಮಂಜೇಶ್ವರದ ತಾಯಿ ಮತ್ತೆ:

ಹಿರಿಯರು ಹೇಳಿದ ಕ್ರಮ ನನಗೂ ಹಿಡಿಸಿತು, ‘ಗೋವಿಂದನ್’ ಆಗುವ ಭಯವೂ ಅದರಲ್ಲಿಲ್ಲ. ಎರಡು ವಿಷಯಗಳು ಮಾತ್ರ ಗಮನದಲ್ಲಿರಲಿ. ಇನಿಶಿಯಲನ್ನು ಕೊನೆಗೆ ಬರೆಯುವುದು ಕೇರಳದ ರೂಢಿಯಾದುದರಿಂದ ಇಲ್ಲಿನ ಶಾಲೆಯಲ್ಲಿ ಅದು ‘ತೇಜಸ್ ರೈ ಎಸ್.’ ಆಗುವ ಸಂಭವವಿದೆ; ಸೇರಿಸುವಾಗಲೇ ಪ್ರಮಾಣಪತ್ರವನ್ನು ತೋರಿಸಿ ಪೂರ್ಣ ಹೆಸರನ್ನು ಬರೆಸಿಕೊಳ್ಳಿ. ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರನ್ನು ಬಿಟ್ಟರೆ ಮೊದಲು ಕಾಣುವ ಪದವನ್ನೇ ಕರೆಯುವ ಹೆಸರೆಂದು ಹೊರದೇಶದವರು ಭಾವಿಸುತ್ತಾರೆ. ನಾಳೆ ನಿಮ್ಮ ಮಗ ದುಬೈಗೋ ಶಾರ್ಜಾಕ್ಕೋ ಹೋದರೆ ಅಲ್ಲಿನ ಕಚೇರಿಯಲ್ಲಿ ಅವನು ತೇಜಸ್ ಆಗಿರಲಾರ, ಮಿಸ್ಟರ್ ಸಂಕಪ್ಪ ಆಗಿರುತ್ತಾನೆ. ಮಗುವಿನ ತಾಯಿಗೆ ಇದು ಒಪ್ಪಿಗೆಯೇ ಎಂದು ಕೇಳಿಕೊಂಡು ಆಮೇಲೆ ಅರ್ಜಿ ತುಂಬಿಸಿ.