ರಿವರ್‌ನಲ್ಲಿ ಇದ್ದಕ್ಕಿದ್ದಂಗೆ ಮಿನ್ ರೇಸ್ ಬಂತು, ಬ್ಲಫ್ಫಾ?

ಪ್ರಶ್ನೆ: ಸರ್ ನಮಸ್ತೆ, ನೀವು ಪೋಕರ್ ಕ್ಯಾಶ್ ಗೇಮ್ ಆಡ್ಕೊಂಡೇ ಜೀವನ ಮಾಡೋರು ಅಂತ ಕೇಳ್ತಿದೀನಿ. ಮೊನ್ನೆ ಗೋವಾದಲ್ಲಿ 100-200 ಟೇಬಲ್ (ಕಾರ್ಡ್ ಹಂಚೋ ಮುಂಚೆ ಇಬ್ರು ಹಾಕ್ಲೇಬೇಕಾದ ಬೆಟ್, ದೊಡ್ಡದು ಬಿಗ್ ಬ್ಲೈಂಡ್). ನಂಗೆ ಏಸ್ ಕಿಂಗ್, ಎರಡೂ ಡೈಮಂಡ್, 700ಕ್ಕೆ ರೇಸ್ ಮಾಡ್ದೆ, ಬಿಗ್ ಬ್ಲೈಂಡಲ್ಲಿದ್ದ ಒಬ್ರು ಅಂಕಲ್ ಮಾತ್ರ ಕಾಲ್ (ಅಷ್ಟೇ ದುಡ್ಡು ಹಾಕಿದ್ರು). ಫ್ಲಾಪ್ (ಎಲ್ರಿಗೂ ಸೇರಿದ ಮೊದಲ ಮೂರು ಕಾರ್ಡ್) ಇಸ್ಪೀಟ್ ಕಿಂಗ್, ಹಾರ್ಟ್ಸ್ 8, ಹಾರ್ಟ್ಸ್ 5. ಅವರು ಚೆಕ್ (ಬೆಟ್ ಹಾಕ್ದೆ ಬಿಟ್ರು), ನಾನು 750, ಕಾಲ್. ಟರ್ನ್ (ನಾಲ್ಕನೇದು) ಕಳಾವರ್ 2, ಮತ್ತೆ ಚೆಕ್, ನಾನು 1,500, ಕಾಲ್. ರಿವರ್ (ಐದನೇ, ಕೊನೇದು) ಡೈಮಂಡ್ 8. ಚೆಕ್ ಮಾಡಿದ್ರು, ನಾನು 3,000 ಇಟ್ಟ ತಕ್ಷಣ 6,000 ಅಂದ್ರು, ಮಿನ್ ರೇಸ್, ಅಂದ್ರೆ ಮಾಡಬಹುದಾದ ಅತಿ ಚಿಕ್ಕ ರೇಸ್! ಫ್ಲಶ್ (ಒಂದೇ ಗುರುತಿನ ಐದು ಕಾರ್ಡ್) ಅಂತೂ ಬಂದಿಲ್ಲ, ಅಲ್ಲೀತನಕ ಸುಮ್ನೆ ಕೂತಿದ್ದೋರು ಕೊನೇಲಿ ಎಬ್ಬಿಸಿದ್ದು ನೋಡಿ ಡೌಟ್ ಬಂತು, ಆದ್ರೂ ಫೋಲ್ಡ್ ಮಾಡ್ದೆ (ಕೈ ಬಿಟ್ಟೆ), ಅವರು ಕಾರ್ಡ್ ತೋರಿಸ್ಲಿಲ್ಲ. ಅವತ್ತಿಂದ ತಲೆ ಕೊರೀತಿದೆ.

ಉತ್ತರ: ಫೋಲ್ಡ್ ಮಾಡಿದ್ದು ಸರಿ ಅಂತೀನಿ, ಆದ್ರೆ ಲೆಕ್ಕ ನೋಡಿದ್ರೆ ನೀವು ಅಂದ್ಕೊಂಡಷ್ಟು ಸುಲಭದ ಫೋಲ್ಡ್ ಅಲ್ಲ. ನಿಮ್ ರಿವರ್ ಬೆಟ್‌ಗೆ ಮುಂಚೆ ಪಾಟ್ (ಮಧ್ಯ ಸೇರಿರೋ ದುಡ್ಡು) 6,000, ನಿಮ್ದು 3,000, ಅವರ್ದು 6,000, ಒಟ್ಟು 15,000. ಅದಕ್ಕೆ ನೀವು ಇನ್ನೂ ಹಾಕ್ಬೇಕಿದ್ದು ಬರೀ 3,000. ಅಂದ್ರೆ ಆರು ಸಲ ಕಾಲ್ ಮಾಡಿ ಒಂದು ಸಲ ಗೆದ್ರೂ ಅಸಲು ವಾಪಸ್.

ಈಗ ಅಂಕಲ್ ಕೈಲಿ ಏನಿರಬಹುದು ಎಣಿಸಿ. ಉಳಿದಿರೋ 8 ಎರಡೇ, ಇಸ್ಪೀಟ್ ಮತ್ತು ಕಳಾವರ್. ಸೂಟೆಡ್ (ಎರಡೂ ಒಂದೇ ಗುರುತು) ಏಸ್-8 ಎರಡು ಥರ, 9-8 ಎರಡು, 8-7 ಎರಡು, ಕಿಂಗ್-8 ಒಂದು, ಪಾಕೆಟ್ 5 (ಕೈಲಿ ಎರಡೂ 5) ಮೂರು, ಪಾಕೆಟ್ 2 ಮೂರು, ಪಾಕೆಟ್ 8 ಒಂದು. ಹದಿನಾಲ್ಕಾಯ್ತು, ಎಲ್ಲಾದ್ರಲ್ಲೂ ನೀವು ಸೋತಿರ್ತೀರಿ. ಇದ್ರ ಜೊತೆ ಮೂರೇ ಮೂರು ಬ್ಲಫ್ ಕೈ ಇದ್ರೂ ಕಾಲ್ ಲಾಭಾನೇ. ಮಿಸ್ ಆಗಿರೋ ಹಾರ್ಟ್ಸ್ ಡ್ರಾಗಳು (ಇನ್ನೊಂದು ಹಾರ್ಟ್ಸ್ ಬಂದಿದ್ರೆ ಫ್ಲಶ್ ಆಗ್ತಿದ್ದ ಕೈಗಳು) ಎಷ್ಟೋ ಇವೆ, ಪ್ರಶ್ನೆ ಏನಂದ್ರೆ ಈ ಮನುಷ್ಯ ಅದನ್ನ ಹಿಡ್ಕೊಂಡು ಮಿನ್ ರೇಸ್ ಮಾಡ್ತಾರಾ ಅಂತ. ಬ್ಲಫ್ ಮಾಡೋನಿಗೆ ಬೇಕಾಗಿರೋದು ನಿಮ್ ಫೋಲ್ಡ್ ತಾನೆ, ಅವನು ಇಷ್ಟು ಅಗ್ಗದ ರೇಟ್ ಕೊಡಲ್ಲ, 12,000 ಅಂತಾನೆ ಇಲ್ಲಾ ಆಲ್ ಇನ್ (ಇರೋ ಚಿಪ್ಸ್ ಎಲ್ಲಾ) ತಳ್ತಾನೆ. ಮಿನ್ ರೇಸ್ ಅಂದ್ರೆ “ಬಾ ಮರಿ ಬಾ, ಹೋಗ್ಬೇಡ” ಅಂತ. ಲೈವ್ ಸಣ್ಣ ಟೇಬಲ್‌ಗಳಲ್ಲಿ ಎರಡು ಸಲ ಚೆಕ್ ಕಾಲ್ ಮಾಡಿ ರಿವರಲ್ಲಿ ಎಬ್ಬಿಸೋ ವಯಸ್ಸಾದ ಆಟಗಾರ ಬ್ಲಫ್ ಮಾಡೋದು ನಾನು ಕಂಡಿರೋದು ತೀರಾ ಅಪರೂಪ. ಅದೇ ಜಾಗದಲ್ಲಿ ಸಾಲ್ವರ್ (ಪೋಕರ್ ಲೆಕ್ಕ ಹಾಕೋ ಸಾಫ್ಟ್‌ವೇರ್) ಓದ್ಕೊಂಡು ಬಂದಿರೋ ಇಪ್ಪತ್ತೈದರ ಹುಡುಗ ಇದ್ದಿದ್ರೆ ಕಣ್ಮುಚ್ಚಿ ಕಾಲ್ ಮಾಡಿ ಅಂತಿದ್ದೆ. ನಿಮ್ ಕೈಗಿಂತ ಕಮ್ಮಿ ಇರೋ ಕಿಂಗ್ ಕ್ವೀನ್‌ನಲ್ಲೂ ಹಿಂಗೇ ಎಬ್ಬಿಸೋರು ಕೆಲವರಿದ್ದಾರೆ, ಅಂಥೋರ ಹತ್ರಾನೂ ಕಾಲ್.

ಹಿಂದಿನ ರೌಂಡ್‌ಗಳ ಜೊತೆ ಕೂಡದೇ ಇರೋ ಬೆಟ್ ಕಂಡ್ರೆ ಆಗ ಡೌಟ್ ಪಡ್ಬೇಕು. ಉದಾಹರಣೆಗೆ ಫ್ಲಶ್ ಡ್ರಾ ಇರೋ ಬೋರ್ಡ್, ಟರ್ನಲ್ಲಿ ಇಬ್ರೂ ಚೆಕ್, ರಿವರಲ್ಲಿ ಏನೂ ಕೂಡದ ಕಾರ್ಡ್ ಬಿತ್ತು, ಆಗ ಪಾಟ್‌ನ ಎರಡರಷ್ಟು ಬೆಟ್ ಬಂದ್ರೆ ಕೇಳ್ಕೊಳಿ, ಸೆಟ್ (ಒಂದೇ ನಂಬರಿನ ಮೂರು ಕಾರ್ಡ್) ಇದ್ದೋನು ಅಂಥ ಟರ್ನಲ್ಲಿ ಪುಕ್ಸಟ್ಟೆ ಕಾರ್ಡ್ ಕೊಡ್ತಿದ್ನಾ? ನಿಮ್ ಅಂಕಲ್ ಆಟದಲ್ಲಿ ಅಂಥದ್ದೇನೂ ಇಲ್ಲ, 8 ಬಂತು, ಎಬ್ಬಿಸಿದ್ರು.

ಇನ್ನೊಬ್ಬರು: ಗುರುಗಳೇ, ರೇಸ್ ಮಾಡುವಾಗ ಕೈ ನಡುಗಿದ್ರೆ ಬ್ಲಫ್ ಅಂತಾರಲ್ಲ, ನಿಜಾನಾ?

ಉತ್ತರ: ಹೆಚ್ಚಾಗಿ ಉಲ್ಟಾ. ದೊಡ್ಡ ಕೈ ಕೂಡಿದ ಜೋಶ್‌ಗೆ ನಡುಗುತ್ತೆ. ಬ್ಲಫ್ ಮಾಡೋನು ಕಲ್ಲಿನ ಹಂಗೆ ಕೂತಿರ್ತಾನೆ. ಆದ್ರೆ ಕೆಲವರ ಕೈ ಕಾಫಿ ಕಪ್ ಎತ್ತೋವಾಗ್ಲೂ ನಡುಗುತ್ತೆ, ಮೊದ್ಲು ಅದನ್ನ ನೋಡ್ಕೊಳಿ.

ಇನ್ನೊಬ್ಬರು: ಮೋಸ ಇದ್ರೆ ಹೆಂಗೆ ಗೊತ್ತಾಗುತ್ತೆ? ಅಮೆರಿಕಾದ ಆ ಜ್ಯಾಕ್-4 ಕೈ ನೋಡಿದ್ಮೇಲೆ ಯಾರನ್ನೂ ನಂಬೋಕಾಗ್ತಿಲ್ಲ ಬ್ರೋ.

ಉತ್ತರ: ಆ ಕೈನೇ ತಗೊಳಿ. 2022ರ ಸೆಪ್ಟೆಂಬರ್, ಲಾಸ್ ಏಂಜಲೀಸ್ ಹತ್ರದ ಹಸ್ಲರ್ ಕ್ಯಾಸಿನೋ ಲೈವ್ ಶೋ. ಬೋರ್ಡ್ 10-10-9-3, ಗ್ಯಾರೆಟ್ ಅಡೆಲ್‌ಸ್ಟೈನ್ 8-7 ಡ್ರಾ ಇಟ್ಕೊಂಡು ಆಲ್ ಇನ್ ತಳ್ಳಿದ್ರು, ರಾಬಿ ಜೇಡ್ ಲ್ಯೂ ಬರೀ ಜ್ಯಾಕ್ ಹೈನಲ್ಲಿ (ಕೈಲಿ ಏನೂ ಕೂಡಿಲ್ಲ, ದೊಡ್ಡ ಕಾರ್ಡ್ ಜ್ಯಾಕ್ ಅಷ್ಟೇ) ಕಾಲ್ ಮಾಡಿ ಗೆದ್ರು. ಜಗತ್ತೇ ಮೋಸ ಅಂತು, ಆಮೇಲೆ ನಡೆದ ತನಿಖೇಲಿ ಮೋಸಕ್ಕೆ ಸಾಕ್ಷಿ ಸಿಗ್ಲಿಲ್ಲ. ಒಂದು ವಿಚಿತ್ರ ಕೈ ಇಟ್ಕೊಂಡು ಯಾರ ಮೇಲೂ ಏನೂ ಹೇಳೋಕಾಗಲ್ಲ, ಕೆಟ್ಟ ಕಾಲ್ ಮಾಡೋರಿಂದಾನೇ ನಮ್ ಹೊಟ್ಟೆ ತುಂಬೋದು ಸ್ವಾಮಿ!

ಆಬ್ಸಲ್ಯೂಟ್ ಪೋಕರ್ ಅನ್ನೋ ಆನ್‌ಲೈನ್ ಸೈಟಿನ 2007ರ ಕೇಸ್ ಬೇರೆ. ಪಾಟ್‌ರಿಪ್ಪರ್ ಅನ್ನೋ ಅಕೌಂಟ್ ಟೂರ್ನಮೆಂಟ್ ಕೊನೇ ಕೈಲಿ ಟೆನ್ ಹೈ ಹಿಡ್ಕೊಂಡು ಆಲ್ ಇನ್ ಕಾಲ್ ಮಾಡಿತ್ತು. ಸಿಕ್ಕಿಬಿದ್ದಿದ್ದು ಆ ಒಂದು ಕಾಲ್‌ನಿಂದ ಅಲ್ಲ, ಪೂರ್ತಿ ಟೂರ್ನಮೆಂಟಿನ ಹ್ಯಾಂಡ್ ಹಿಸ್ಟರಿ (ಪ್ರತಿ ಕೈಯ ದಾಖಲೆ) ಹೊರಗೆ ಬಂದಾಗ ಕೈ ಕೈಲೂ ಎದುರಿನೋರ ಕಾರ್ಡ್ ಗೊತ್ತಿರೋ ಥರಾನೇ ಆಡಿದ್ದು ಕಾಣಿಸ್ತು.

ಲೈವ್ ಟೇಬಲಲ್ಲಿ ಜಾಸ್ತಿ ಇರೋದು ಜೋಡಿ ಆಟ, ಅಂದ್ರೆ ಇಬ್ರು ಒಳಗೊಳಗೇ ಸೇರ್ಕೊಂಡು ಆಡೋದು. ನೀವು ಮಧ್ಯ ಸಿಕ್ಕಿದಾಗ ಎರಡೂ ಕಡೆಯಿಂದ ರೇಸ್ ಮೇಲೆ ರೇಸ್, ನೀವು ಫೋಲ್ಡ್ ಮಾಡಿದ ಮರುಕ್ಷಣ ಇಬ್ರೂ ಚೆಕ್ ಚೆಕ್, ಕಾರ್ಡ್ ತೋರಿಸ್ದೆ ಮಕ್ ಮಾಡ್ಬಿಡ್ತಾರೆ (ಬಿಸಾಕ್ತಾರೆ). ಇದು ಪದೇ ಪದೇ ಕಂಡ್ರೆ ಕೈಗಳನ್ನ ಫೋನಲ್ಲಿ ಬರ್ಕೊಂಡು ಫ್ಲೋರ್ ಮ್ಯಾನೇಜರ್‌ಗೆ ಸೈಡಲ್ಲಿ ಹೇಳಿ, ಟೇಬಲಲ್ಲಿ ಕೂಗಾಡ್ಬೇಡಿ.

ಇನ್ನೊಬ್ಬರು: ಫ್ರೆಂಡ್ ಮನೆ ಗೇಮ್ ಆದ್ರೆ? ಅಲ್ಲಿ ಫ್ಲೋರ್ ಮ್ಯಾನೇಜರ್ ಎಲ್ಲಿರ್ತಾನೆ ಗುರೂ.

ಉತ್ತರ: ಚಿಪ್ಸ್ ಎತ್ಕೊಂಡು ಹೊರಡಿ. ಪ್ರೂಫ್ ಮಾಡೋ ಗೋಜಿಗೆ ಹೋಗ್ಬೇಡಿ, ಬೆಳಿಗ್ಗೆ ಕೆಲಸ ಇದೆ ಅನ್ನಿ ಸಾಕು.