ಒಂದೇ ಡಿಷ್, ಒಂದೇ ಉಪಗ್ರಹ: ಎಸ್2 ಚಾನೆಲ್‌ಗಳು ಮಾತ್ರ ಏಕೆ ಸಿಗುತ್ತಿಲ್ಲ?

ಪ್ರಶ್ನೆ

ನನ್ನ ಹಳೆಯ ಸೆಟ್‌ಟಾಪ್ ಬಾಕ್ಸ್‌ನಲ್ಲಿ ಒಂದೇ ಉಪಗ್ರಹದ ಕೆಲವು ಟ್ರಾನ್ಸ್‌ಪಾಂಡರ್‌ಗಳು (ಚಾನೆಲ್‌ಗಳ ಗುಂಪನ್ನು ಕಳುಹಿಸುವ ಉಪಗ್ರಹದ ಘಟಕಗಳು) ತೊಂದರೆಯಿಲ್ಲದೆ ಸಿಗುತ್ತವೆ. ಇನ್ನು ಕೆಲವಕ್ಕೆ ಫ್ರೀಕ್ವೆನ್ಸಿ, ಸಿಂಬಲ್ ರೇಟ್, ಪೋಲರೈಸೇಷನ್ ಮೂರನ್ನೂ ಸರಿಯಾಗಿ ಕೊಟ್ಟರೂ ಸ್ಟ್ರೆಂತ್ 80ರ ಆಸುಪಾಸಿನಲ್ಲಿರುತ್ತದೆ, ಕ್ವಾಲಿಟಿ ಸೊನ್ನೆಯಿಂದ ಮೇಲೇಳುವುದಿಲ್ಲ. ಪಟ್ಟಿಯಲ್ಲಿ ಅವುಗಳ ಮುಂದೆ ಡಿವಿಬಿ-ಎಸ್2 (ಉಪಗ್ರಹ ಪ್ರಸಾರದ ಎರಡನೆಯ ತಲೆಮಾರಿನ ಮಾನಕ) ಎಂದಿದೆ. ಡಿಷ್ ಬದಲಿಸಬೇಕೇ, ಸಾಫ್ಟ್‌ವೇರ್ ಅಪ್‌ಡೇಟ್ ಸಾಕೇ? ಹೊಸ ಬಾಕ್ಸ್ ಕೊಳ್ಳುವುದಾದರೆ ಅದರ ಮುಂದಿನ ರೂಪವಾದ ಎಸ್2ಎಕ್ಸ್ ಇರುವುದೇ ಬೇಕೇ? ಈ ತಲೆಮಾರುಗಳ ನಡುವೆ ಬದಲಾದದ್ದೇನೆಂದು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1

ಡಿಷ್ಷನ್ನೂ ಅದರ ಮುಂದಿರುವ ಸಿಗ್ನಲ್ ಗ್ರಾಹಕವಾದ ಎಲ್‌ಎನ್‌ಬಿಯನ್ನೂ ಈಗ ಮುಟ್ಟಬೇಡಿ. ಆಂಟೆನಾದಿಂದ ಬರುವ ಒಟ್ಟು ಶಕ್ತಿಯನ್ನಷ್ಟೇ ಸ್ಟ್ರೆಂತ್ ಪಟ್ಟಿ ಅಳೆಯುತ್ತದೆ. ಅದರಲ್ಲಿ ಗದ್ದಲವೂ ಸೇರಿರುತ್ತದೆ. ಬಾಕ್ಸ್‌ನೊಳಗೆ ಅಲೆಯಿಂದ ಬಿಟ್‌ಗಳನ್ನು ಬಿಡಿಸುವ ಡೀಮಾಡ್ಯುಲೇಟರ್ ಸಿಗ್ನಲ್ ಅನ್ನು ಗುರುತಿಸಿ ಲಾಕ್ ಆದ ಮೇಲಷ್ಟೇ ಕ್ವಾಲಿಟಿ ಏರುತ್ತದೆ. ನಿಮ್ಮ ಬಾಕ್ಸ್‌ನ ಚಿಪ್‌ಗೆ ಎಸ್2ರ ಭಾಷೆಯೇ ತಿಳಿಯದು. ಆ ಕೆಲಸವನ್ನು ಚಿಪ್‌ನಲ್ಲಿ ಅಚ್ಚಾದ ಸರ್ಕ್ಯೂಟ್ ಮಾಡುವುದರಿಂದ ಅಪ್‌ಡೇಟ್‌ನಿಂದ ಪ್ರಯೋಜನವಿಲ್ಲ. ಎಸ್2 ಬಾಕ್ಸ್‌ಗಳು ಮಾತ್ರ ಸಾಮಾನ್ಯವಾಗಿ ಹಳೆಯ ಎಸ್ ಸಿಗ್ನಲ್ ಅನ್ನೂ ಹಿಡಿಯುತ್ತವೆ. ಎಸ್2 ಎಂದರೆ ಎಚ್‌ಡಿಗಾಗಿ ಬಂದ ಎಂಪೆಗ್-4 ಪ್ರಸಾರ ಎಂದು ತಿಳಿದರೆ ಸಾಕು.

ಉತ್ತರ 2

ಮೇಲಿನ ಉತ್ತರದ ಕೊನೆಯ ವಾಕ್ಯವನ್ನು ತಿದ್ದಲೇಬೇಕು, ಏಕೆಂದರೆ ಬಾಕ್ಸ್ ಕೊಳ್ಳುವವರು ಎಡವುವುದು ಅಲ್ಲಿಯೇ. ಎಂಪೆಗ್-4 ಚಿತ್ರವನ್ನು ಕುಗ್ಗಿಸುವ ವಿಧಾನ. ಎಸ್2 ಆ ಬಿಟ್‌ಗಳನ್ನು ಆಕಾಶದಿಂದ ಇಳಿಸುವ ವಿಧಾನ. ಎಸ್2ರಲ್ಲಿ ಎಂಪೆಗ್-2 ಚಾನೆಲ್ಲನ್ನೂ, ಹಳೆಯ ಎಸ್‌ನಲ್ಲಿ ಎಂಪೆಗ್-4 ಚಾನೆಲ್ಲನ್ನೂ ಕಳುಹಿಸಬಹುದು.

1990ರ ದಶಕದ ಮೊದಲ ಭಾಗದಲ್ಲಿ ರೂಪುಗೊಂಡ ಡಿವಿಬಿ-ಎಸ್, ಒಂದು ಸಿಂಬಲ್‌ನಲ್ಲಿ, ಅಂದರೆ ಅಲೆಯ ಒಂದು ಬದಲಾವಣೆಯಲ್ಲಿ, 2 ಬಿಟ್ ಹೊರುವ ಕ್ಯುಪಿಎಸ್‌ಕೆ ಎಂಬ ಮಾಡ್ಯುಲೇಷನ್ ವಿಧಾನವನ್ನು ಬಳಸುತ್ತದೆ. ದೋಷ ತಿದ್ದಲು ಒಳಗೆ ಕನ್ವೊಲ್ಯೂಷನಲ್ ಕೋಡ್, ಹೊರಗೆ ರೀಡ್-ಸೊಲೊಮನ್ ಕೋಡ್. 188 ಬೈಟ್‌ಗಳ ಪ್ರತಿ ಪ್ಯಾಕೆಟ್‌ಗೆ ಇನ್ನೂ 16 ಬೈಟ್ ಸೇರಿ 204 ಆಗುತ್ತದೆ. 2005ರಲ್ಲಿ ಮಾನಕವಾದ ಎಸ್2 ಇವೆರಡರ ಜಾಗದಲ್ಲಿ ಎಲ್‌ಡಿಪಿಸಿ ಮತ್ತು ಬಿಸಿಎಚ್ ಕೋಡ್‌ಗಳನ್ನು ತಂದಿತು. ರಾಬರ್ಟ್ ಗ್ಯಾಲಗರ್ 1960ರ ದಶಕದ ಆರಂಭದಲ್ಲಿಯೇ ಎಲ್‌ಡಿಪಿಸಿಯನ್ನು ರೂಪಿಸಿದ್ದರೂ, 64,800 ಬಿಟ್‌ಗಳ ಒಂದು ಫ್ರೇಮನ್ನು ಮತ್ತೆ ಮತ್ತೆ ಪರಿಶೀಲಿಸಿ ಬಿಡಿಸುವಷ್ಟು ಲೆಕ್ಕಾಚಾರದ ಸಾಮರ್ಥ್ಯ ಅಗ್ಗದ ಚಿಪ್‌ಗೆ ಬರಲು ಅಷ್ಟು ದಶಕಗಳೇ ಬೇಕಾದವು. ನನ್ನ ದೃಷ್ಟಿಯಲ್ಲಿ ಈ ಇಡೀ ಕಥೆಯ ಅತ್ಯಂತ ಸುಂದರ ಭಾಗ ಇದು. ಗದ್ದಲವಿರುವ ದಾರಿಯಲ್ಲಿ ಎಷ್ಟು ಮಾಹಿತಿಯನ್ನು ದೋಷವಿಲ್ಲದೆ ಕಳುಹಿಸಬಹುದೆಂದು ಗಣಿತಜ್ಞ ಷಾನನ್ ಹಾಕಿಕೊಟ್ಟ ಸೈದ್ಧಾಂತಿಕ ಮಿತಿಗೆ ಎಸ್2 ಸುಮಾರು 1 ಡೆಸಿಬೆಲ್‌ನಷ್ಟು ಹತ್ತಿರ ಹೋಗಿದೆ.

ಲಾಭವನ್ನು ಅಂಕಿಯಲ್ಲಿ ನೋಡಿ. ಮೆನುವಿನಲ್ಲಿ 27500 (ಸೆಕೆಂಡಿಗೆ ಸಾವಿರ ಸಿಂಬಲ್‌ಗಳ ಲೆಕ್ಕದಲ್ಲಿ) ಎಂದು ಕಾಣುವ ಸಿಂಬಲ್ ರೇಟ್‌ನಲ್ಲಿ, ಕ್ಯುಪಿಎಸ್‌ಕೆ 2/3 (ಮೂರು ಬಿಟ್‌ಗಳಲ್ಲಿ ಎರಡು ಮಾಹಿತಿ, ಒಂದು ದೋಷ ತಿದ್ದಲು) ಇರುವ ಎಸ್ ಸೆಕೆಂಡಿಗೆ ಸುಮಾರು 33.8 ಮೆಗಾಬಿಟ್ ಕೊಡುತ್ತದೆ. ಅದೇ ಟ್ರಾನ್ಸ್‌ಪಾಂಡರ್‌ನಲ್ಲಿ, ಅದೇ ಶಕ್ತಿಯಲ್ಲಿ, ಎಸ್2 ರೋಲ್-ಆಫ್ ಅನ್ನು (ಸಿಗ್ನಲ್‌ನ ಅಂಚುಗಳಿಗೆ ಬೇಕಾಗುವ ಹೆಚ್ಚುವರಿ ಅಗಲದ ಪ್ರಮಾಣ) 0.35ರಿಂದ 0.20ಕ್ಕೆ ಇಳಿಸಿ, ಸಿಂಬಲ್ ರೇಟ್ ಅನ್ನು 30900ಕ್ಕೆ ಏರಿಸಿ, ಕ್ಯುಪಿಎಸ್‌ಕೆ 3/4ರಲ್ಲಿ ಸುಮಾರು 46 ಮೆಗಾಬಿಟ್ ಸಾಗಿಸುತ್ತದೆ.

ಉತ್ತರ 3

ಎಸ್2ಎಕ್ಸ್ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. 2014ರಲ್ಲಿ ಬಂದ ಇದು ಎಸ್2ರ ವಿಸ್ತರಣೆ. ಎಲ್‌ಡಿಪಿಸಿ ತಳಹದಿ ಹಾಗೆಯೇ ಉಳಿದಿದೆ. ರೋಲ್-ಆಫ್ 0.05ರವರೆಗೆ ಇಳಿಯುತ್ತದೆ, ಅಂದರೆ 36 ಮೆಗಾಹರ್ಟ್ಸ್ ಅಗಲದಲ್ಲಿ ಸೆಕೆಂಡಿಗೆ 3 ಕೋಟಿ ಸಿಂಬಲ್‌ಗಳ ಬದಲು ಸುಮಾರು 3.43 ಕೋಟಿ ಸಿಂಬಲ್‌ಗಳು ಹಿಡಿಸುತ್ತವೆ. ಒಂದು ಸಿಂಬಲ್‌ನಲ್ಲಿ 8 ಬಿಟ್ ಹೊರುವ 256ಎಪಿಎಸ್‌ಕೆಯೂ ಇದೆ, ಆದರೆ ಅದಕ್ಕೆ ಬೇಕಾದ ಸ್ವಚ್ಛ ಸಿಗ್ನಲ್ ಮನೆಯ ಸಣ್ಣ ಡಿಷ್ಷಿಗೆ ದೊರೆಯುವುದಿಲ್ಲ. ಮೇಲಾಗಿ ದ್ವಿಮುಖ ಸಂಪರ್ಕದಲ್ಲಿ ಮಳೆ ಬಂದಾಗ ಮಾಡ್ಯುಲೇಷನ್ ಬದಲಿಸಿಕೊಳ್ಳಬಹುದು. ಟಿವಿ ಪ್ರಸಾರದಲ್ಲಿ ಮರಳಿ ಸುದ್ದಿ ಮುಟ್ಟಿಸುವ ದಾರಿಯಿಲ್ಲದ ಕಾರಣ, ಅತ್ಯಂತ ದುರ್ಬಲ ಡಿಷ್ಷನ್ನು ಲೆಕ್ಕಕ್ಕೆ ತೆಗೆದುಕೊಂಡೇ ಎಲ್ಲರಿಗೂ ಒಂದು ಮಟ್ಟವನ್ನು ನಿಗದಿ ಮಾಡಬೇಕಾಗುತ್ತದೆ. ನಿಮಗೆ ಬೇಕಾದ ಟ್ರಾನ್ಸ್‌ಪಾಂಡರ್‌ಗಳಲ್ಲಿ ಎಸ್2ಎಕ್ಸ್ ಇಲ್ಲದಿದ್ದರೆ ಅದಕ್ಕಾಗಿ ಹೆಚ್ಚು ಹಣ ಕೊಡಬೇಡಿ. ಚಿತ್ರ ಕುಗ್ಗಿಸುವ ಹೊಸ ವಿಧಾನವಾದ ಎಚ್.265 ಅನ್ನು ಬಿಡಿಸಬಲ್ಲ ಬಾಕ್ಸ್ ಹೆಚ್ಚು ಉಪಯೋಗಕ್ಕೆ ಬಂದೀತು.

ಪ್ರಶ್ನೆ ಕೇಳಿದವರಿಂದ

ತಮ್ಮೆಲ್ಲರಿಗೂ ಕೃತಜ್ಞತೆಗಳು. ಪಟ್ಟಿಯನ್ನು ಮತ್ತೆ ನೋಡಿದೆ. ನನಗೆ ಬೇಕಾದವೆಲ್ಲ ಎಸ್2, 8ಪಿಎಸ್‌ಕೆ 2/3. ಈಗಿರುವ ಡಿಷ್ಷೇ ಸಾಲುವುದೇ?

ಉತ್ತರ 2 ಬರೆದವರಿಂದ

ಸಾಲುವ ಸಾಧ್ಯತೆಯೇ ಹೆಚ್ಚು, ಆದರೆ ಅಂಚು ಕಿರಿದಾಗುತ್ತದೆ. ಎಸ್2ರಲ್ಲಿ ಕ್ಯುಪಿಎಸ್‌ಕೆ 3/4ಕ್ಕೆ ಆದರ್ಶ ಸ್ಥಿತಿಯಲ್ಲಿ ಸಿಗ್ನಲ್ ಗದ್ದಲಕ್ಕಿಂತ ಸುಮಾರು 4 ಡೆಸಿಬೆಲ್ ಮೇಲಿದ್ದರೆ ಸಾಕು, ಒಂದು ಸಿಂಬಲ್‌ನಲ್ಲಿ 3 ಬಿಟ್ ಹೊರುವ 8ಪಿಎಸ್‌ಕೆ 2/3ಕ್ಕೆ ಸುಮಾರು 6.6 ಬೇಕು. ಹೊಸ ಬಾಕ್ಸ್ ಜೋಡಿಸಿದ ಮೇಲೆ ಕ್ವಾಲಿಟಿಯನ್ನು ನೋಡುತ್ತಾ ಡಿಷ್ಷಿನ ದಿಕ್ಕನ್ನೂ ಎಲ್‌ಎನ್‌ಬಿ ತಿರುಗಿರುವ ಕೋನವನ್ನೂ ನಿಧಾನವಾಗಿ ಸರಿಪಡಿಸಿ. ಆಮೇಲೂ ಕ್ವಾಲಿಟಿ ಏರಿಳಿಯುತ್ತಿದ್ದರೆ ಮೊದಲು ಎಲ್‌ಎನ್‌ಬಿ ಬದಲಿಸಿ ನೋಡಿ, ಏಕೆಂದರೆ ಹಳೆಯ ಎಲ್‌ಎನ್‌ಬಿಯ ಫೇಸ್ ನಾಯ್ಸ್ (ಅಲೆಯ ಹಂತದಲ್ಲಿನ ಸಣ್ಣ ನಡುಕ) ಕ್ಯುಪಿಎಸ್‌ಕೆಯಲ್ಲಿ ಮರೆಯಾಗಿ ಉಳಿದಿದ್ದರೂ 8ಪಿಎಸ್‌ಕೆಯಲ್ಲಿ ಕಾಡುತ್ತದೆ.