ನಾನು ಹೊರಟರೆ ಮಗ ಅಳ್ತಾನೆ, ಆಸ್ಪತ್ರೆಗೆ ಹೋಗೋದೇ ಬೇಡವಾ?

ಸಿರುಗುಪ್ಪದ ಒಬ್ಬ ತಂದೆ ಕೇಳಿದ್ದು:
ಐದು ವರ್ಷದ ಮಗ ಮಾಳಿಗೆ ಮೆಟ್ಟಿಲಿಂದ ಬಿದ್ದು ತೊಡೆ ಎಲುಬು ಮುರಿದಿದೆ. ಬಳ್ಳಾರಿಯ ಆಸ್ಪತ್ರೆಯಲ್ಲಿ ಕಾಲಿಗೆ ತೂಕ ಕಟ್ಟಿ ಮಲಗಿಸಿದ್ದಾರೆ. ಮೂರು ವಾರ ಆಗುತ್ತದಂತೆ. ಮನೆಯಲ್ಲಿ ಕೈಕೂಸು ಇರೋದರಿಂದ ಅವನ ಹತ್ತಿರ ಅಜ್ಜಿ ಇದ್ದಾರೆ. ನಾನು ಮಿಲ್ ಕೆಲಸ ಮುಗಿಸಿ ದಿನ ಬಿಟ್ಟು ದಿನ ಹೋಗುತ್ತೇನೆ. ಹೊರಟಾಗ ಬಹಳ ಅಳುತ್ತಾನೆ. "ನಾಲ್ಕು ದಿನ ಬರಬೇಡ, ತಾನೇ ಸುಮ್ಮನಾಗ್ತಾನೆ" ಅಂತ ಹಿರಿಯರು ಹೇಳುತ್ತಾರೆ. ಏನು ಮಾಡಲಿ?

ಸಿಂಧನೂರಿನ ಒಬ್ಬ ತಾಯಿ:
ಅಣ್ಣಾ, ಹೋಗೋದು ನಿಲ್ಲಿಸಬೇಡಿ. ನನ್ನ ಮಗಳು ಆರು ವರ್ಷದವಳಿದ್ದಾಗ ರಾಯಚೂರಿನಲ್ಲಿ ಹತ್ತೊಂಬತ್ತು ದಿನ ಅಡ್ಮಿಟ್ ಆಗಿದ್ದಳು. ಜೊತೆಗೆ ನಮ್ಮತ್ತೆ ಇದ್ದರು, ನಾನು ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಮೊದಲ ದಿನ ಅವಳ ಅಳು ನೋಡಲಾಗದೆ, ನಿದ್ದೆ ಹೋದಾಗ ಸುಮ್ನೆ ಎದ್ದು ಬಂದುಬಿಟ್ಟೆ. ಬಸ್ಸು ಮಾನ್ವಿ ದಾಟುವಷ್ಟರಲ್ಲಿ ಅತ್ತೆ ಫೋನ್ ಮಾಡಿದರು. ಮಂಚದ ಕೆಳಗೆ, ಬಾತ್‌ರೂಮಿನಲ್ಲಿ, ಎಲ್ಲ ಕಡೆ ನನ್ನನ್ನು ಹುಡುಕಿದ್ದಳಂತೆ. ಮರುದಿನ ಹೋದಾಗ ನನ್ನ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಮಲಗಿದಳು. ಕಣ್ಣು ಮಾತ್ರ ಮುಚ್ಚಲಿಲ್ಲ. ನಿದ್ದೆ ಮಾಡಿದರೆ ಅಮ್ಮ ಹೋಗ್ತಾಳೆ ಅಂತ ಕಲಿತುಬಿಟ್ಟಿದ್ದಳು. ಅದನ್ನು ಕಲಿಸಿದ್ದು ನಾನೇ ಅಲ್ವಾ?

ಅವತ್ತಿನಿಂದ ಎಷ್ಟೇ ಅತ್ತರೂ ಹೇಳಿಯೇ ಹೊರಡುತ್ತಿದ್ದೆ. ಬಸ್ಸಿನಲ್ಲಿ ನಮಗೆ ಕೊಡುವ ಜೀರೋ ಟಿಕೆಟ್ ಅವಳ ಕೈಗಿಟ್ಟು "ನಾಳೆ ಇನ್ನೊಂದು ತರ್ತೀನಿ" ಅನ್ನುತ್ತಿದ್ದೆ. ಅವನ್ನೆಲ್ಲ ಅತ್ತೆಯ ಎಲೆಅಡಿಕೆ ಚೀಲದಲ್ಲಿ ಕೂಡಿಡುತ್ತಿದ್ದಳು. ನಾನು ವಾರ್ಡಿಗೆ ಹೋದ ಕೂಡಲೇ ಮೊದಲು ಟಿಕೆಟ್ ಕೇಳುತ್ತಿದ್ದಳು. ಅಳು ಪೂರ್ತಿ ನಿಲ್ಲಲಿಲ್ಲ, ಆದರೆ ಹುಡುಕೋದು ನಿಂತಿತು. ಬರಲಾಗದ ದಿನ ಇದ್ದರೆ ಹಿಂದಿನ ದಿನವೇ ಹೇಳಿಬಿಡಿ. ಐದು ಗಂಟೆ ಅಂದರೆ ಆ ವಯಸ್ಸಿನ ಮಗುವಿಗೆ ತಿಳಿಯೋದಿಲ್ಲ. "ಸಂಜೆ ಚಹಾ ಬಂದ ಮೇಲೆ ಅಪ್ಪ ಬರ್ತಾನೆ" ಅಂತ ಹೇಳಿ.

ಇನ್ನೊಂದು ಮಾತು. ನಮ್ಮ ಕಡೆ ಒಬ್ಬರು ಮಲಗಿದರೆ ಅರ್ಧ ಊರೇ ನೋಡೋಕೆ ಬರುತ್ತದೆ, ಪ್ರೀತಿಯಿಂದಲೇ ಬರುತ್ತಾರೆ. ಆದರೆ ಮಗುವಿನ ಎದುರಿಗೇ "ಇನ್ನು ನಡೀತದೇನವ್ವಾ?" ಅಂತ ಕೇಳುವವರನ್ನು ದಯವಿಟ್ಟು ಹೊರಗೆ ಕರೆದುಕೊಂಡು ಹೋಗಿ ಮಾತಾಡಿಸಿ. ಮಕ್ಕಳು ಕಣ್ಣು ಮುಚ್ಚಿಕೊಂಡೇ ಎಲ್ಲ ಕೇಳಿಸಿಕೊಳ್ಳುತ್ತಾರೆ.

ಕೊಪ್ಪಳದಿಂದ, ಮಕ್ಕಳ ವಾರ್ಡಿನಲ್ಲಿ ದುಡಿದ ಸಿಸ್ಟರ್:
ಹಿರಿಯರ ಮಾತನ್ನು ಒಂದು ಕಾಲಕ್ಕೆ ಆಸ್ಪತ್ರೆಯವರೇ ನಂಬಿದ್ದರು. ತಂದೆತಾಯಿ ಬಂದರೆ ಮಕ್ಕಳು ಅಳ್ತಾರೆ ಅಂತ ಬ್ರಿಟನ್‌ನಲ್ಲಿ ಭೇಟಿಯನ್ನೇ ಕಡಿಮೆ ಮಾಡಿದ್ದರು. ಜೇಮ್ಸ್ ರಾಬರ್ಟ್‌ಸನ್ ಎಂಬ ಸಮಾಜ ಕಾರ್ಯಕರ್ತರು ಅಂಥ ಮಕ್ಕಳ ಜೊತೆ ಕೂತು ನೋಡಿದರು. ಮಗು ಮೊದಲು ಅಳುತ್ತದೆ, ಆಮೇಲೆ ಮಂಕಾಗುತ್ತದೆ, ಕೊನೆಗೆ ಅಮ್ಮ ಬಂದರೂ ಮುಖ ತಿರುಗಿಸುತ್ತದೆ. ಸುಮ್ಮನಾದ ಅನ್ನೋದು ಬಹಳ ಸಲ ಇದೇ. 1959ರಲ್ಲಿ ಅಲ್ಲಿನ ಸರ್ಕಾರ ನೇಮಿಸಿದ ಪ್ಲಾಟ್ ಸಮಿತಿ, ತಂದೆತಾಯಿ ಯಾವಾಗ ಬಂದರೂ ಬಿಡಿ ಅಂತ ಹೇಳಿತು. ನಿಮ್ಮ ಮಗ ಅಳ್ತಿದ್ದಾನೆ ಅಂದರೆ ನಿಮ್ಮ ಮೇಲೆ ಇನ್ನೂ ಆಸೆ ಇಟ್ಟಿದ್ದಾನೆ.

ಕಾಲಿಗೆ ಕಟ್ಟಿದ ತೂಕ ತೂಗುತ್ತಲೇ ಇರಬೇಕು. ನೋಡೋಕೆ ಬಂದವರು ಅದನ್ನು ಮುಟ್ಟಬಾರದು, ಎತ್ತಬಾರದು, ಮಂಚದ ಮೇಲೂ ಕೂರಬಾರದು. ಕೆಮ್ಮು, ನೆಗಡಿ ಇದ್ದವರು ಫೋನಿನಲ್ಲಿ ಮಾತಾಡಲಿ. ಬಂದವರೆಲ್ಲ ಸೋಪಿನಿಂದ ಕೈ ತೊಳೆಯಲಿ. ಏನೇ ತಿನ್ನಿಸುವ ಮೊದಲು ಸಿಸ್ಟರನ್ನು ಒಂದು ಮಾತು ಕೇಳಿ.

ಬಳ್ಳಾರಿಯ ಇನ್ನೊಬ್ಬ ತಂದೆ:
ನಾನೂ ಹೀಗೇ ಓಡಾಡಿದವನು. ಹೋಗಲಾಗದ ದಿನ ಮನೆಯ ಸದ್ದು ರೆಕಾರ್ಡ್ ಮಾಡಿ ಕಳಿಸುತ್ತಿದ್ದೆ: ಅವರಮ್ಮ ರೊಟ್ಟಿ ತಟ್ಟೋದು, ತಂಗಿ ಗೆಜ್ಜೆ, ನಮ್ಮ ಆಡುಮರಿ ಕೂಗೋದು. ಆಡುಮರಿ ಕೂಗಿದ್ದನ್ನು ಮಗ ಪಕ್ಕದ ಮಂಚದ ಹುಡುಗನಿಗೂ ದಿನಾ ಕೇಳಿಸುತ್ತಿದ್ದ.